ಹಾರೂ ಮಾಮಾನ ದನಿ

ಗೋಕಾಕದ ನಮ್ಮ ಓಣಿಯಲ್ಲಿ ಬೆಳೆದ ಒಂದು ಹಿಂಡು ಮಕ್ಕಳು, ತಾವು ಸಣ್ಣವರಿದ್ದಾಗ ನೋಡಿದ ಕಾರ್ಟೂನಿನ ಹೀರೋ ಕನ್ನಡದಲ್ಲೇ ಮಾತಾಡುತ್ತಿದ್ದ ಎಂದು ಇವತ್ತಿಗೂ ವಾದಕ್ಕೆ ನಿಲ್ಲುತ್ತಾರೆ. ಅದೂ ಪುಸ್ತಕದ ಕನ್ನಡವಲ್ಲ, ನಮ್ಮ ಕಡೆಯ ಕನ್ನಡ. ಎದುರಿಗೆ ನಿಂತ ವೈರಿಗೂ ‘ರಿ’ ಹಚ್ಚಿ ಮಾತಾಡಿಸಿ ಆಮೇಲೆ ಗುದ್ದುವ ಕನ್ನಡ. ಅವರಿಗೆಲ್ಲ ಈಗ ಮಕ್ಕಳಾಗಿವೆ. ಆ ಮಕ್ಕಳಿಗೆ ತೋರಿಸೋಣವೆಂದು ಮೊಬೈಲಿನಲ್ಲಿ ಹುಡುಕಿದರೆ ಅವನು ಇಂಗ್ಲಿಷ್ ಮಾತಾಡುತ್ತಾನೆ, ಬಹಳ ಸಪ್ಪೆ ಎನ್ನಿಸುತ್ತದೆಯಂತೆ. ಹಬ್ಬಕ್ಕೆ ಊರಿಗೆ ಬಂದಾಗ ನನ್ನ ಹತ್ತಿರ ಬಂದು ಕಂಪ್ಲೇಂಟ್ ಹೇಳುತ್ತಾರೆ. ಸಪ್ಪೆ ಎನ್ನಿಸದೆ ಏನಾದೀತು? ಅವರು ಕೇಳಿ ಬೆಳೆದ ದನಿ ನನ್ನದು.

ನಾನು ಹುಟ್ಟಿದ್ದು ಹುಕ್ಕೇರಿಯಲ್ಲಿ, ಓದಿದ್ದು ಬೆಳಗಾವಿಯ ಒಂದು ಕಾನ್ವೆಂಟಿನ ಬೋರ್ಡಿಂಗಿನಲ್ಲಿ. ಜೈನರ ಮನೆಯ ಹುಡುಗಿಯನ್ನು ಸಿಸ್ಟರ್‌ಗಳ ಕೈಗೆ ಒಪ್ಪಿಸಿದ್ದಕ್ಕೆ ಊರಲ್ಲಿ ನಾಲ್ಕು ಮಂದಿ ನಾಲ್ಕು ಮಾತಾಡಿದಾಗ ನಮ್ಮಪ್ಪ, “ಇಂಗ್ಲಿಷ್ ಕಲಿಯಾಕ ಕಳಿಸೇನಿ, ತತ್ತಿ ತಿನ್ನಾಕ ಅಲ್ಲ” ಎಂದು ಬಾಯಿ ಮುಚ್ಚಿಸಿದ್ದರು. ನಾನು ಇಂಗ್ಲಿಷ್ ಕಲಿತೆ. ಬರೀ ಕಲಿತೆ ಎಂದರೆ ಕಡಿಮೆಯಾಯಿತು. ಎಲೊಕ್ಯೂಷನ್ನಿನಲ್ಲಿ ನನ್ನನ್ನು ಮೀರಿಸಿದವರು ನಮ್ಮ ಬ್ಯಾಚಿನಲ್ಲಿ ಇರಲಿಲ್ಲ. ನಮಗೆ ಹೇಳಿಕೊಡುತ್ತಿದ್ದ ಸಿಸ್ಟರ್ ಹಲ್ಲುಗಳ ನಡುವೆ ಬಾಟಲಿಯ ಬೂಚು ಹಿಡಿಸಿ ಪದ್ಯ ಓದಿಸುತ್ತಿದ್ದರು. ಬೂಚು ತೆಗೆದ ಮೇಲೆ ಮಾತು ಹೇಗೆ ಹರಿಯುತ್ತಿತ್ತೆಂದರೆ, ಅಸೆಂಬ್ಲಿ ಹಾಲಿನ ಕೊನೆಯ ಬೆಂಚಿಗೂ ಪ್ರತಿ ಅಕ್ಷರ ಮುಟ್ಟುತ್ತಿತ್ತು.

ಅದಾದ ಮೇಲೆ ಮದುವೆ. ಗೋಕಾಕದ ಬೆಲ್ಲದ ವ್ಯಾಪಾರಿಗಳ ಮನೆ. ಒಳ್ಳೆಯ ಮನೆ, ತುಂಬಿದ ಮನೆ, ಆದರೆ ನನ್ನ ಇಂಗ್ಲಿಷಿಗೆ ಅಲ್ಲಿ ಕೆಲಸವೇ ಇರಲಿಲ್ಲ. ಮಾತ್ರೆಯ ಪಟ್ಟಿಯ ಮೇಲಿನ ತಾರೀಖು ನೋಡಿ ಹೇಳುವುದು, ಹೊಸ ಕುಕ್ಕರಿನ ಜೊತೆ ಬಂದ ಹಾಳೆ ಓದುವುದು, ಅಷ್ಟೇ. ಟ್ರಂಕಿನಲ್ಲಿ ಮಡಿಸಿಟ್ಟ ರೇಷ್ಮೆ ಸೀರೆ ನೋಡಿ, ಉಡದೇ ಬಿಟ್ಟರೆ ಮಡಿಕೆಯಲ್ಲೇ ಸೀಳುತ್ತದೆ. ನನ್ನ ಇಂಗ್ಲಿಷಿಗೂ ಹಾಗೇ ಆಗತೊಡಗಿತ್ತು. ಮಗ ದೊಡ್ಡವನಾದ, ಅವನ ಮದುವೆಯಾಯಿತು, ಮೊಮ್ಮಗಳು ಹುಟ್ಟಿದಳು. ನನ್ನ ತಲೆಕೂದಲು ನೆರೆಯಿತು. ಅಷ್ಟು ವರ್ಷಗಳಾದ ಮೇಲೆ, ತೊಂಬತ್ತರ ದಶಕದ ಕೊನೆಗೆ, ಒಂದು ಕಾರ್ಟೂನು ಬಂದು ನನಗೆ ಕೆಲಸ ಕೊಟ್ಟಿತು. ಆ ಕೆಲಸವನ್ನು ಕೈಬಿಟ್ಟು ಹೋಗುವ ಹೊತ್ತೂ ಬಂದಿತ್ತು. ಅದನ್ನೇ ಬರೆಯುತ್ತಿದ್ದೇನೆ.

ಆಗಿನ್ನೂ ಓಣಿಗೆ ಕೇಬಲ್ ಬಂದದ್ದು ಹೊಸತು. ನಮ್ಮ ಮನೆಯ ಪಡಸಾಲೆಯಲ್ಲಿ ಟೀವಿ. ಸಂಜೆ ಆರೂವರೆಗೆ ಆ ಕಾರ್ಟೂನು ಶುರುವಾಗುತ್ತಿತ್ತು. ಹಗಲೆಲ್ಲ ಊರ ಗಡಿಯಾರದ ಗೋಪುರದಲ್ಲಿ ಗಡಿಯಾರ ರಿಪೇರಿ ಮಾಡುವ ಬಡಕಲು ಮನುಷ್ಯ. ಊರಿಗೆ ಆಪತ್ತು ಬಂದರೆ ಬೂದು ಬಣ್ಣದ ನಿಲುವಂಗಿ ಹಾಕಿ, ಕೆಂಪು ಮುಖವಾಡ ಕಟ್ಟಿಕೊಂಡು ಆಕಾಶಕ್ಕೆ ಹಾರುತ್ತಾನೆ. ಹಾರಿದರೂ ಕಿಸೆಯಲ್ಲಿ ಸ್ಕ್ರೂಡ್ರೈವರ್ ಇರುತ್ತದೆ. ಅವನ ವೈರಿ, ಮೈತುಂಬ ತಗಡು ತೊಟ್ಟ ಒಬ್ಬ ಸೈಂಟಿಸ್ಟ್. ನಮ್ಮ ಮಕ್ಕಳು ಹೀರೋಗೆ ಹಾರೂ ಮಾಮಾ ಎಂದು, ವೈರಿಗೆ ತಗಡಪ್ಪ ಎಂದು ಹೆಸರಿಟ್ಟಿದ್ದರು. ಮಾತೆಲ್ಲ ಇಂಗ್ಲಿಷ್. ಓಣಿಯ ಮಕ್ಕಳು ಕನ್ನಡ ಶಾಲೆಯವರು. ಹಾರುವುದು, ಗುದ್ದುವುದು ತಿಳಿಯುತ್ತಿತ್ತು. ಮಾತು ಬಂದಾಗ ಬಾಯಿ ತೆರೆದುಕೊಂಡು ಕೂರುತ್ತಿದ್ದರು.

ಒಂದು ಸಂಜೆ ನಾನು ಅಲ್ಲೇ ಮೂಲೆಯಲ್ಲಿ ಕೂತು ಅವರೆಕಾಳು ಹಿಸುಕುತ್ತಿದ್ದೆ. ಹೀರೋ ತಗಡಪ್ಪನ ಎದುರು ನಿಂತು ದೊಡ್ಡ ಭಾಷಣ ಹೊಡೆಯುತ್ತಿದ್ದ. ನಾನು ತಲೆ ಎತ್ತಿ ನೋಡಿದೆ. ಎಂಥ ಡಿಕ್ಷನ್! ಪೂರ್ತಿ ವಾಕ್ಯಗಳು, ಒಂದಕ್ಕೊಂದು ಗಂಟು ಹಾಕಿದ ಹಾಗೆ. ವೈರಿಯನ್ನು ಹೊಡೆಯುವ ಮೊದಲು ಅವನ ಅಪ್ಪಣೆ ಕೇಳುವಷ್ಟು ಮ್ಯಾನರ್ಸ್. ನಮ್ಮ ಸಿಸ್ಟರ್ ಇದ್ದಿದ್ದರೆ ಇವನಿಗೆ ಮೊದಲ ಪ್ರೈಜ್ ಕೊಡುತ್ತಿದ್ದರು.

ಆಗ ಮೊಮ್ಮಗಳು ಕೇಳಿದಳು. “ಆಯಿ, ಅಂವ ಏನ ಅನ್ನಾಕತ್ತಾನ?”

ನಮ್ಮ ಮನೆಯಲ್ಲಿ ಅಜ್ಜಿಗೆ ಆಯಿ, ಮುತ್ತಜ್ಜಿಗೆ ದೊಡ್ಡಾಯಿ ಎನ್ನುತ್ತಾರೆ. ಕೈಯಲ್ಲಿದ್ದ ಕಾಳು ಬುಟ್ಟಿಗೆ ಹಾಕಿ, ಹೀರೋನ ದನಿಯಲ್ಲೇ ಹೇಳಿದೆ: “ಸಿಟ್ಟಾಗಬ್ಯಾಡ್ರಿ ಸಾಹೇಬ್ರ. ನಿಮ್ಮ ಮ್ಯಾಲೆ ನನಗ ಭಾಳ ಗೌರವ ಐತಿ. ಆದ್ರ ಈಗ ನಿಮಗ ಒಂದ ಏಟ ಕೊಡೂದು ಅನಿವಾರ್ಯ ಆಗೇತಿ.”

ಹೀರೋ ಗುದ್ದಿದ. ತಗಡಪ್ಪ ಗೋಡೆ ಒಡೆದುಕೊಂಡು ಆಚೆ ಹೋದ. ಮಕ್ಕಳು ನೆಲಕ್ಕೆ ಬಿದ್ದು ಬಿದ್ದು ನಕ್ಕರು. ಮರುದಿನ ಆರೂವರೆಗೆ ಟೀವಿಯ ಪಕ್ಕದಲ್ಲಿ ನನಗಾಗಿ ಒಂದು ಮಣೆ ಹಾಕಿ ಇಟ್ಟಿದ್ದರು.

ಆ ಮಣೆಯ ಮೇಲೆ ಕೂತು ನಾನು ಮಾಡಿದ್ದನ್ನು ಅನುವಾದ ಎಂದರೆ ನನಗೆ ಸಮಾಧಾನವಿಲ್ಲ. ಅವನು ಬಾಯಿ ತೆರೆದಾಗ ನಾನು ತೆರೆಯಬೇಕು, ಅವನು ಮುಚ್ಚುವುದರೊಳಗೆ ಮುಗಿಸಬೇಕು. ಇಂಗ್ಲಿಷಿನಲ್ಲಿ ಚಿಕ್ಕದಾಗಿದ್ದದ್ದು ಕನ್ನಡದಲ್ಲಿ ಉದ್ದವಾಗುತ್ತದೆ, ಕ್ರಿಯಾಪದ ಕೊನೆಗೆ ಬರುತ್ತದೆ, ಅಷ್ಟರಲ್ಲಿ ಅವನು ಹಾರಿಯೇ ಹೋಗಿರುತ್ತಾನೆ. ಹೀಗಾಗಿ ಮಾತು ಹೇಗೆ ತಿರುಗಬಹುದು ಎಂದು ಮೊದಲೇ ಅಂದಾಜು ಹಿಡಿಯುವುದನ್ನು ಕಲಿತೆ. ತಗಡಪ್ಪನ ದನಿಗೆ ಒಂದು ಖಾಲಿ ಹಿತ್ತಾಳೆ ಚರಿಗೆಯನ್ನು ಬಾಯಿಗೆ ಹಿಡಿದು ಮಾತಾಡುತ್ತಿದ್ದೆ; ಲೋಹ ಝೇಂಕರಿಸುತ್ತಿತ್ತು. ಹೀರೋನ ಹೆಂಡತಿಗೆ ಹುಕ್ಕೇರಿಯ ನನ್ನ ವೈನಿಯ, ಅಂದರೆ ಅಣ್ಣನ ಹೆಂಡತಿಯ ದನಿ ಕೊಟ್ಟೆ, ಎಲ್ಲದಕ್ಕೂ ‘ಅಯ್ಯ’ ಎಂದು ಶುರು ಮಾಡುವ ದನಿ. ಪೊಲೀಸ್ ಕಮಿಷನರನಿಗೆ ನಮ್ಮ ಯಜಮಾನರದು. ಅವರು ಅಂಗಡಿಯಿಂದ ಬಂದು ಬಾಗಿಲಲ್ಲಿ ನಿಂತು ಕೇಳಿ, “ಈ ಕಮಿಷನರ ಎಲ್ಲೋ ನೋಡಿದಂಗ ಐತಲ್ಲ” ಎಂದರು. ಮಕ್ಕಳು ಬಾಯಿಗೆ ಅಂಗಿಯ ತುದಿ ತುರುಕಿಕೊಂಡು ನಗು ತಡೆದುಕೊಂಡರು.

ಮಕ್ಕಳ ಹಿಂದೆ, ಗೋಡೆಗೆ ಒರಗಿ ಗಾದಿಯ ಮೇಲೆ ಇನ್ನೊಬ್ಬ ಪ್ರೇಕ್ಷಕರಿದ್ದರು. ನಮ್ಮ ಅತ್ತೆಯವರು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಬಲಿಯಲಿ, ಆಮೇಲೆ ತೆಗೆಯೋಣ ಎಂದಿದ್ದರು ಡಾಕ್ಟರು. ಆ ಕಾಲದಲ್ಲಿ ಹಾಗೇ ಹೇಳುತ್ತಿದ್ದರು. ಟೀವಿ ಅವರಿಗೆ ಅಲುಗಾಡುವ ಒಂದು ಬೆಳಕಿನ ಚೌಕ, ಅಷ್ಟೇ. ನಮ್ಮ ಜೈನರ ನೇಮದಂತೆ ಹೊತ್ತು ಮುಳುಗುವುದರೊಳಗೆ ಊಟ ಮುಗಿಸಿ, ಬಾಯಿ ಮುಕ್ಕಳಿಸಿ, ಜಪದ ಸರ ಹಿಡಿದು ಕೂರುತ್ತಿದ್ದರು. ಕೇಬಲ್ ತರಿಸುವಾಗ ಬೇಡ ಎಂದು ಹಟ ಹಿಡಿದವರು ಅವರೇ. ಕಾರ್ಟೂನಿನ ಹೊತ್ತಿಗೆ ಮುಖ ಆ ಕಡೆ ತಿರುಗಿಸಿ ಸರ ಎಣಿಸುತ್ತಿದ್ದರು. ಅವರು ಕೇಳುತ್ತಿದ್ದಾರೆ ಎಂದು ನನಗೆ ತಿಳಿದದ್ದು ಒಂದು ಬಿಲ್ಡಿಂಗ್ ಸ್ಫೋಟವಾದಾಗ.

“ಒಳಗ ಯಾರರೆ ಇದ್ರೇನು?” ಎಂದರು, ಸರ ನಿಲ್ಲಿಸಿ.

ನಾನು ತಡಮಾಡಲಿಲ್ಲ. “ಇಲ್ಲರಿ ಅತ್ತಿ. ಎಲ್ಲಾರೂ ಊಟಕ್ಕ ಹೋಗಿದ್ರು.”

“ಛಲೋ ಆತು,” ಎಂದು ಸರ ಮುಂದುವರಿಸಿದರು.

ಅವತ್ತಿನಿಂದ ನನ್ನ ಕೆಲಸ ಇನ್ನೂ ನಾಜೂಕಾಯಿತು. ಮಕ್ಕಳಿಗೆ ಗುದ್ದಾಟ ಬೇಕು, ಅತ್ತೆಯವರಿಗೆ ಒಂದು ಇರುವೆಯೂ ಸಾಯಬಾರದು. ಎರಡನ್ನೂ ನಾನು ಸಂಭಾಳಿಸಿದೆ. ಗುದ್ದು ತಿಂದವರೆಲ್ಲ ಮರುಕ್ಷಣ “ಯಪ್ಪಾ, ನಂದ ತಪ್ಪಾತು” ಎನ್ನುತ್ತಿದ್ದರು. ಅತ್ತೆಯವರ ಕಣ್ಣಿನ ಶಕ್ತಿಯೆಲ್ಲ ಕಿವಿಗೆ ಬಂದಿತ್ತು. ಒಂದು ಸಂಜೆ ಹೀರೋ ಗೋಪುರದ ತುದಿಯಲ್ಲಿ ಕೂತು ಕತ್ತಲೆಯ ಊರನ್ನು ನೋಡುತ್ತ ಏನನ್ನೋ ಕರುಂಕುರುಂ ಎಂದು ಕಡಿದ.

“ಏನ ತಿನ್ನಾಕತ್ತಾನ ಅಂವ? ಹೊತ್ತ ಮುಣಿಗಿದ ಮ್ಯಾಲೆ?”

ಮಕ್ಕಳೆಲ್ಲ ನನ್ನ ಕಡೆ ತಿರುಗಿದರು. ಹಾರೂ ಮಾಮಾನ ಮರ್ಯಾದೆಯ ಪ್ರಶ್ನೆ.

“ಅತ್ತಿ, ಅದು ಅಮೇರಿಕಾ,” ಎಂದೆ. “ನಮಗ ಹೊತ್ತ ಮುಣಿಗಿದಾಗ ಅವರಿಗೆ ಮುಂಜಾನೆ.”

“ಆದ್ರ ಅಲ್ಲಿ ಕತ್ತಲ...” ಎಂದು ಶುರು ಮಾಡಿದ ಮೊಮ್ಮಗಳ ಬಾಯಿಗೆ ನಾನು ಒಂದು ತುಂಡು ಬೆಲ್ಲ ಇಟ್ಟೆ. ನಾನು ಹೇಳಿದ್ದರಲ್ಲಿ ಸುಳ್ಳೇನಿತ್ತು? ಭೂಗೋಳದ ಪುಸ್ತಕದಲ್ಲಿ ಇದ್ದದ್ದನ್ನೇ ಹೇಳಿದ್ದೆ.

“ಹಂಗಾರ ನಾಷ್ಟಾ ಮಾಡಾಕತ್ತಾನ,” ಎಂದರು ಅತ್ತೆಯವರು, ಸಮಾಧಾನದಿಂದ. “ಮಾಡಲಿ. ರಾತ್ರೆಲ್ಲಾ ಹಾರಿ ಹಾರಿ ದಣದಿರ್ತಾನ.”

ಹೀಗೆ ಒಂದು ವರ್ಷಕ್ಕೂ ಮಿಕ್ಕಿ ನಡೆಯಿತು. ಅತ್ತೆಯವರ ಮುಖ ನಿಧಾನವಾಗಿ ಟೀವಿಯ ಕಡೆ ತಿರುಗಿತು. ಕಾರ್ಟೂನು ಇಲ್ಲದ ರವಿವಾರ ಅವರಿಗೆ ಬೇಸರ, ಅಡುಗೆಮನೆಗೆ ಬಂದು, “ಆ ತಗಡಪ್ಪಗ ತಾಯಿ ಅದಾಳೇನವಾ?” ಎಂದು ಕೇಳಿದ್ದೂ ಉಂಟು. ಮದುವೆಯಾಗಿ ಬಂದಾಗಿನಿಂದ ಅವರು ನನ್ನನ್ನು ಕಾನ್ವೆಂಟಿನ ರಾಣಿ ಎಂದು ಹಂಗಿಸುತ್ತಿದ್ದರು. ಹೆಸರು ಬದಲಾಗಲಿಲ್ಲ, ಆದರೆ ದನಿ ಬದಲಾಯಿತು. ಆ ಮನೆಯಲ್ಲಿ ಸಂಜೆಯ ಅರ್ಧ ತಾಸು ನನ್ನದಾಗಿತ್ತು. ಅಷ್ಟು ವರ್ಷ ರೊಟ್ಟಿ ಬಡಿದು, ಬೆಲ್ಲದ ಗಿರಾಕಿಗಳಿಗೆ ಚಹಾ ಮಾಡಿ ಗಳಿಸದಿದ್ದ ಜಾಗ ಅದು. ಫ್ರ್ಯಾಂಕ್ಲಿ, ನಾನು ಅದನ್ನು ಯಾರಿಗೂ ಬಿಟ್ಟುಕೊಡುವವಳಿರಲಿಲ್ಲ.

ಬೇಸಿಗೆ ರಜೆಗೆ ಮೊಮ್ಮಗಳು ತನ್ನ ತಾಯಿಯ ತವರಿಗೆ, ಮೂಡಲಗಿಗೆ ಹೋದಳು. ಶಾಲೆ ಶುರುವಾಗುವ ಹೊತ್ತಿಗೆ ಸುದ್ದಿ ಹೊತ್ತುಕೊಂಡೇ ಬಂದಳು. ಚಪ್ಪಲಿ ಬಿಡುವ ಮೊದಲೇ ಒದರಿದಳು:

“ಆಯಿ! ಮೂಡಲಗಿಯೊಳಗ ಹಾರೂ ಮಾಮಾ ಹಿಂದಿ ಮಾತಾಡ್ತಾನ!”

ಅಲ್ಲಿಯ ಕೇಬಲ್‌ನವನ ಹತ್ತಿರ ಅದೇ ಕಾರ್ಟೂನಿನ ಹಿಂದಿ ಬರುತ್ತಿತ್ತಂತೆ. ನಮ್ಮ ಓಣಿಯ ಮಕ್ಕಳು ಶಾಲೆಯಲ್ಲಿ ಹಿಂದಿ ಕಲಿಯುತ್ತಿದ್ದರು, ಹಿಂದಿ ಸಿನಿಮಾ ನೋಡುತ್ತಿದ್ದರು. ಅವರಿಗೆ ಇದು ದೊಡ್ಡ ಸುದ್ದಿಯಾಯಿತು. ಎಲ್ಲರೂ ಕೂಡಿ ನಮ್ಮ ಕೇಬಲ್‌ನವನ ಬೆನ್ನು ಹತ್ತಿದರು. ವಾರ ಕಳೆಯುವುದರೊಳಗೆ ನಮ್ಮ ಟೀವಿಯಲ್ಲೂ ಹಿಂದಿ ಬಂತು.

ಆ ಸಂಜೆ ನಾನು ಎಂದಿನಂತೆ ಚರಿಗೆ ಹಿಡಿದು ಮಣೆಯ ಮೇಲೆ ಕೂತೆ. ಹೀರೋ ಬಾಯಿ ತೆರೆದ. “ಅಬೇ ರುಕ್!” ಎಂದ. ಅಷ್ಟು ಸಭ್ಯ ಮನುಷ್ಯ, ಅಪ್ಪಣೆ ಕೇಳದೆ ಕೈ ಎತ್ತದವನು, ಬಸ್‌ ಸ್ಟ್ಯಾಂಡಿನ ಪುಂಡನ ಹಾಗೆ ಅಬೇ ಎಂದ! ಅವನ ತಪ್ಪು ತಿದ್ದೋಣವೆಂದು ನಾನು “ಸ್ವಲ್ಪ ನಿಲ್ಲರಿ ಸಾಹೇಬ್ರ” ಎಂದೆ.

“ಶ್! ಆಯಿ, ಸುಮ್ಮನಿರ. ನಮಗ ತಿಳೀತೈತಿ.”

ಹೇಳಿದವಳು ನನ್ನ ಮೊಮ್ಮಗಳೇ. ಹಿಂದೆ ತಿರುಗಿ ಕೂಡ ನೋಡಲಿಲ್ಲ. ಮತ್ತೊಂದು ಮಗು, “ಅಜ್ಜಿ, ನೀವು ನಡುವ ಮಾತಾಡಿದ್ರ ಕೇಳಸೂದಿಲ್ಲರಿ” ಎಂದಿತು, ಬಹಳ ವಿನಯದಿಂದ. ಆ ವಿನಯವನ್ನೂ ನಾನೇ ಕಲಿಸಿದ್ದು.

ನಾನು ಅತ್ತೆಯವರ ಕಡೆ ನೋಡಿದೆ. ಅವರು ಏನಾದರೂ ಅನ್ನುತ್ತಾರೆ ಎಂದುಕೊಂಡೆ. ಮನೆಯ ಹಿರಿಯರು, ಒಂದು ಮಾತು ಹೇಳಿದರೆ ಸಾಕಿತ್ತು. ಅವರು ಸರ ಎಣಿಸುತ್ತ ಕೂತಿದ್ದರು. ಮರುದಿನವೂ ಏನೂ ಅನ್ನಲಿಲ್ಲ, ಅದರ ಮರುದಿನವೂ ಇಲ್ಲ. ಮಣೆಯನ್ನು ಯಾರೋ ಎತ್ತಿ ಗೋಡೆಗೆ ಆನಿಸಿ ಇಟ್ಟಿದ್ದರು.

ನಾನು ಬ್ಯಾಗಿಗೆ ಎರಡು ಸೀರೆ ಹಾಕಿದೆ. “ಹುಕ್ಕೇರಿಗೆ ಹೋಗಿ ಬರ್ತೇನಿ. ವೈನಿಗೆ ಮೈಯಾಗ ಆರಾಮಿಲ್ಲಂತ,” ಎಂದೆ.

ಯಜಮಾನರು ಪೇಪರಿನಿಂದ ತಲೆ ಎತ್ತಿದರು. “ನಿನ್ನೆ ಫೋನಿನ್ಯಾಗ ನಕ್ಕೋತ ಮಾತಾಡಿದಳಲ್ಲ?”

“ಅದಕ್ಕ. ನಕ್ಕು ನಕ್ಕು ಹೊಟ್ಟಿಬ್ಯಾನಿ ಹತ್ತೈತಿ.”

ಅವರು ಜಾಣರು. ಪೇಪರ್ ಮುಂದಕ್ಕೆ ಹಿಡಿದರು.

ಸಿಟ್ಟು ಮಾಡಿಕೊಂಡು ತವರಿಗೆ ಹೋಗುವುದು ಹೊಸದಾಗಿ ಮದುವೆಯಾದವರ ಹಕ್ಕು ಎಂದು ಎಲ್ಲೂ ಬರೆದಿಲ್ಲ. ಬಸ್ಸು ಘಟಪ್ರಭೆ ದಾಟಿ ಹೋಗುವಾಗ ಕಿಟಕಿಯಿಂದ ಕಬ್ಬಿನ ಹೊಲ ನೋಡುತ್ತ ನಾನು ಬಹಳ ಸ್ಪಷ್ಟವಾಗಿ ಯೋಚನೆ ಮಾಡಿದೆ. ಮಕ್ಕಳ ಮೇಲೆ ನನಗೆ ಸಿಟ್ಟಿರಲಿಲ್ಲ. ಮಕ್ಕಳು ತಿಳಿಯುವ ಮಾತಿನ ಹಿಂದೆ ಹೋಗುತ್ತಾರೆ, ಹೋಗಬೇಕು. ನನಗೆ ಬೇಕಾಗಿದ್ದದ್ದು ಒಂದೇ. ಆ ಮನೆಯಲ್ಲಿ ನನ್ನ ದನಿ ಇಲ್ಲದಿದ್ದರೆ ಯಾರಿಗಾದರೂ ಕೊರತೆಯಾಗುತ್ತದೋ ಇಲ್ಲವೋ ಎಂಬುದು ಗೊತ್ತಾಗಬೇಕಿತ್ತು. ಆಗದಿದ್ದರೆ ಮತ್ತೆ ಮಣೆಯ ಮೇಲೆ ಕೂರುವುದಿಲ್ಲ, ಇಂಗ್ಲಿಷನ್ನೂ ಕಥೆಯನ್ನೂ ಟ್ರಂಕಿಗೆ ಹಾಕಿ ಕೀಲಿ ಜಡಿಯುತ್ತೇನೆ ಎಂದು ತೀರ್ಮಾನಿಸಿದ್ದೆ.

ಹುಕ್ಕೇರಿಯಲ್ಲಿ ವೈನಿ ಗಟ್ಟಿಮುಟ್ಟಾಗಿ ಅಂಗಳದಲ್ಲಿ ಮೆಣಸಿನಕಾಯಿ ಹರವುತ್ತಿದ್ದಳು. “ಅಯ್ಯ, ನನಗೇನ ಆಗೇತಿ?” ಎಂದು ಗಾಬರಿಯಾದಳು. ಅಣ್ಣ ಕಾರಣ ಕೇಳಿ ತಿಳಿದುಕೊಂಡ. ಆಮೇಲೆ ಕುರ್ಚಿಯಿಂದ ಬೀಳುವಷ್ಟು ನಕ್ಕ.

“ಕಾರ್ಟೂನ್ ಸಲುವಾಗಿ ಸಿಟ್ಟಾಗಿ ತವರಿಗೆ ಬಂದಾಕಿ ಇಡೀ ಜಿಲ್ಲಾದಾಗ ನೀ ಒಬ್ಬಾಕಿನ!”

“ನನ್ನ ಬೆಳಗಾವಿಗೆ ಕಳಸೂಮುಂದ ನೀ ಅಳಾಕತ್ತಿದ್ದಿ, ‘ತಂಗಿ ಇಂಗ್ಲಿಷ್ ಕಲಿತ ಮ್ಯಾಲೆ ನನ್ನ ಜೋಡಿ ಮಾತಾಡೂದಿಲ್ಲ’ ಅಂತ. ನೋಡು, ಯಾರೂ ಕೇಳಲಿಲ್ಲಂದ್ರ ನಿನಗ ಹೇಳಾಕ ಬಂದೇನಿ,” ಎಂದೆ.

ಅವನು ನಗು ನಿಲ್ಲಿಸಿದ. ಎದ್ದು ಹೋಗಿ ನನಗೆ ಇಷ್ಟವಾದ ಪೇರಲಹಣ್ಣು ತಂದ. ತವರಿನಲ್ಲಿ ಕೇಬಲ್ ಇರಲಿಲ್ಲ, ಮಾಳಿಗೆಯ ಮೇಲೆ ಆಂಟೆನಾ. ಸಂಜೆ ಆರೂವರೆಯಾದರೆ ನನ್ನ ಗಂಟಲು ತನ್ನನ್ನು ತಾನೇ ಸರಿಮಾಡಿಕೊಳ್ಳುತ್ತಿತ್ತು. ಆಡುವ ಮಾತಿಲ್ಲ, ಕೇಳುವವರಿಲ್ಲ. ನಾನು ಅಂಗಳದಲ್ಲಿ ಮೆಣಸಿನಕಾಯಿ ತೊಟ್ಟು ಮುರಿಯುತ್ತ ಕೂರುತ್ತಿದ್ದೆ.

ಅಲ್ಲಿಗೆ ಹೋಗಿ ಕೆಲವು ದಿನಗಳಾಗಿದ್ದವು. ಇನ್ನೂ ದೀಪ ಹಚ್ಚಿರಲಿಲ್ಲ. ಫೋನು ರಿಂಗಾಯಿತು. ಎಸ್‌ಟಿಡಿ ಕಾಲ್ ಇದ್ದರೆ ಒಂದು ಥರ ಉದ್ದುದ್ದ ರಿಂಗಾಗುತ್ತಿತ್ತು. ಅಣ್ಣ ಎತ್ತಿಕೊಂಡ, ಕೂಡಲೇ ಕಿವಿಯಿಂದ ದೂರ ಹಿಡಿದ. ಅಂಗಳದಲ್ಲಿದ್ದ ನನಗೂ ಕೇಳುವಷ್ಟು ದೊಡ್ಡ ದನಿ. ನಮ್ಮ ಅತ್ತೆಯವರು. ಫೋನ್ ಮುಟ್ಟಿದರೆ ಶಾಕ್ ಹೊಡೆಯುತ್ತದೆ ಎಂದು ಅದರ ಹತ್ತಿರವೂ ಸುಳಿಯದವರು, ಯಾರಿಂದಲೋ ನಂಬರು ಹಚ್ಚಿಸಿಕೊಂಡು, ಹುಕ್ಕೇರಿ ದೂರ ಇದೆ, ಅಷ್ಟು ದೂರ ಮುಟ್ಟಬೇಕೆಂದು ಒದರುತ್ತಿದ್ದರು.

“ಎಲ್ಲಿ ಅದಾಳ ಕಾನ್ವೆಂಟಿನ ರಾಣಿ?”

ನಾನು ಕೈ ತೊಳೆದುಕೊಂಡು ಬಂದು ರಿಸೀವರ್ ಹಿಡಿದೆ. ಮೆಣಸಿನಕಾಯಿಯ ಖಾರ ಇನ್ನೂ ಬೆರಳಿನಲ್ಲಿತ್ತು. “ಹೇಳ್ರಿ ಅತ್ತಿ.”

“ಇಲ್ಲೊಬ್ಬ ಬ್ಯಾರೇದಾಂವ ಬಂದಾನ.”

“ಯಾರರಿ?”

“ಹಿಂದಿ ಮಾತಾಡಾಂವ. ಬೈದು ಬೈದು ಮಾತಾಡ್ತಾನ. ನಮ್ಮಾಂವನ ಅರಿವಿ ಹಾಕ್ಕೊಂಡಾನಂತ, ನಿನ್ನ ಮೊಮ್ಮಗಳ ಹೇಳಿದ್ಳು. ನಿನ್ನೆ ಮನಿ ಹಾರಿಸ್ಯಾನ, ಒಳಗ ಮಂದಿ ಅದಾರೋ ಇಲ್ಲೋ ಅಂತ ಒಬ್ಬರೂ ಹೇಳವಲ್ಲರು. ನಮ್ಮಾಂವನ ಏನ ಮಾಡ್ಯಾನ ಅಂವ? ಎಲ್ಲಿಟ್ಟಾನ?”

ಅವರು ಖರೇನೇ ಹಾಗೆ ನಂಬಿದ್ದರೋ, ಸೊಸೆಯನ್ನು ಕರೆಸಿಕೊಳ್ಳುವ ಹಿರಿಯರ ದಾರಿ ಅದೋ, ನನಗೆ ಇವತ್ತಿಗೂ ಗೊತ್ತಿಲ್ಲ. ಅವರು ತೀರಿಕೊಂಡು ಎಷ್ಟೋ ವರ್ಷಗಳಾದವು. ಪೊರೆ ತೆಗೆಸಿದ ಮೇಲೆ ಕಣ್ಣು ಬಂತು, ಟೀವಿಯೂ ಕಂಡಿತು, ಆದರೆ ಆ ವಿಷಯ ಅವರೂ ತೆಗೆಯಲಿಲ್ಲ, ನಾನೂ ಕೇಳಲಿಲ್ಲ. ಆ ಗಳಿಗೆಯಲ್ಲಿ ಮಾತ್ರ ನನಗೆ ಒಂದು ತಿಳಿಯಿತು. ಅವರು ಸುಮ್ಮನೆ ಸರ ಎಣಿಸುತ್ತ ಕೂತಿದ್ದದ್ದು ಒಪ್ಪಿಗೆಯಿಂದಲ್ಲ. ನಾನು ಮತ್ತೆ ಬಾಯಿ ತೆರೆಯುತ್ತೇನೆಂದು ಕಾಯುತ್ತ ಕೂತಿದ್ದರು.

“ಅತ್ತಿ, ಈಗ ಟೀವಿ ಹಚ್ಚೇರೇನು?” ಎಂದೆ.

“ಹಚ್ಚ್ಯಾರ. ಅಂವನ ಅದಾನ.”

“ದನಿ ಬಂದ್ ಮಾಡ್ರಿ ಅಂತ ಹೇಳ್ರಿ.”

ಆ ಕಡೆ ಗದ್ದಲ ಎದ್ದಿತು. ಮಕ್ಕಳ ಕೂಗಾಟ, ‘ಬ್ಯಾಡ ದೊಡ್ಡಾಯಿ, ಬ್ಯಾಡ’. ಆಮೇಲೆ ಅತ್ತೆಯವರ ಒಂದೇ ಮಾತು, “ಹಂಗಾರ ಕೇಬಲ್ಲೂ ಬಂದ್.” ಹಿಂದಿ ನಿಂತಿತು.

“ಈಗ ಫೋನಿನ ಬಾಯಿ ಹುಡುಗಿ ಕಡೆ ಹಿಡೀರಿ, ಕಿವಿ ನಿಮ್ಮ ಕಡೆ ಇರಲಿ. ಆಕಿ ಕಂಡದ್ದ ಹೇಳ್ಲಿ.”

ಮೊಮ್ಮಗಳ ದನಿ ಬಂತು, ಮುಖ ಊದಿಸಿಕೊಂಡ ದನಿ. “ಏನ ಹೇಳ್ಲಿ?”

ರಿಸೀವರಿನ ಕಿವಿ ಅತ್ತೆಯವರ ಹತ್ತಿರ ಇದ್ದದ್ದರಿಂದ ನನ್ನ ಉತ್ತರ ಅವಳಿಗೆ ಕೇಳಿಸುವಂತಿರಲಿಲ್ಲ. ನಾನು ಹೇಳಿದ್ದನ್ನು ಅತ್ತೆಯವರು ದಾಟಿಸಿದರು: “ಏನ ಕಾಣತೈತಿ ಅದನ್ನ ಹೇಳಲೇ, ಆಯಿ ಕೇಳಾಕತ್ತಾಳ!”

“ಮಾಮಾ ಗೋಪುರದ ಮ್ಯಾಲೆ ನಿಂತಾನ. ತಗಡಪ್ಪ ಕೆಳಗ. ಕೈಯಾಗ ದೊಡ್ಡ ಮಷಿನ್ ಹಿಡಿದಾನ. ತಗಡಪ್ಪನ ಬಾಯಿ ಅಲುಗಾಡಾಕತ್ತೇತಿ.”

“ವೈನಿ, ಒಂದ ಚರಿಗಿ ಕೊಡ, ಲಗೂನ!” ಎಂದೆ.

“ಅಯ್ಯ, ಈಗ ಯಾಕ?” ಎನ್ನುತ್ತಲೇ ವೈನಿ ನೀರಿನ ಚರಿಗೆಯನ್ನು ಅಂಗಳಕ್ಕೆ ಚೆಲ್ಲಿ ತಂದುಕೊಟ್ಟಳು. ಒಂದು ಕೈಯಲ್ಲಿ ರಿಸೀವರ್, ಒಂದು ಕೈಯಲ್ಲಿ ಚರಿಗೆ. ಬಾಯಿಗೆ ಹಿಡಿದು ತಗಡಪ್ಪನಾದೆ: “ಹಾಹಾ! ಇವತ್ತ ಈ ಊರಿನ ಎಲ್ಲಾ ಗಡಿಯಾರ ನಿಲ್ಲಿಸ್ತೇನಿ! ಯಾರಿಗೂ ಊಟದ ಹೊತ್ತ ತಿಳೀಬಾರದು!”

“ಅಯ್ಯ ಪಾಪಿ!” ಎಂದರು ಅತ್ತೆಯವರು ಫೋನಿನಲ್ಲಿ. ಅದಕ್ಕಿಂತ ದೊಡ್ಡ ಅಪರಾಧ ಅವರಿಗೆ ಇನ್ನಾವುದಿತ್ತು!

“ಏನಂದ? ಏನಂದ ದೊಡ್ಡಾಯಿ?” ಎಂದು ಹಿಂದಿನಿಂದ ಮಕ್ಕಳು. ದನಿ ಇಲ್ಲದ ಟೀವಿ, ಕೇಳಿಸದ ಫೋನು, ತಡೆದುಕೊಳ್ಳಲು ಆಗುತ್ತದೆಯೇ? ಆಗ ನಮ್ಮ ಅತ್ತೆಯವರು ಒಂದು ಕೆಲಸ ಮಾಡಿದರು. ಗಂಟಲು ಸರಿಮಾಡಿಕೊಂಡು, ನಾನು ಹೇಳಿದ್ದನ್ನು ಮಕ್ಕಳಿಗೆ ಹೇಳಿದರು. ಬರೀ ಹೇಳಲಿಲ್ಲ, ತಗಡಪ್ಪನ ದನಿಯಲ್ಲೇ ಹೇಳಿದರು. ಮುದಿ ಗಂಟಲಿನ ಆ ಹಾಹಾ ನನ್ನ ಚರಿಗೆಗಿಂತ ಭಯಂಕರವಾಗಿತ್ತು. ಮಕ್ಕಳು ಹೋ ಎಂದು ಕೂಗಿದ್ದು ಹುಕ್ಕೇರಿಗೆ ಕೇಳಿಸಿತು.

ಆಮೇಲೆ ಮೊಮ್ಮಗಳ ದನಿಯಲ್ಲಿ ಮುನಿಸು ಉಳಿಯಲಿಲ್ಲ. ಅವಳು ಓಡುವ ಬಸ್ಸಿನ ಕಂಡಕ್ಟರನ ಹಾಗೆ ಹೇಳುತ್ತ ಹೋದಳು. “ಹಾರಿದ, ಹಾರಿದ! ಮಷಿನ್ನಿನ್ಯಾಗ ಸ್ಕ್ರೂಡ್ರೈವರ್ ಹಾಕ್ಯಾನ! ಬೆಂಕಿ ಬಂತು! ಈಗ ನಿಂತ. ಎದುರಾ ಬದುರಾ ನಿಂತಾರ. ಮಾಮಾನ ಬಾಯಿ!”

ಗೋಕಾಕದ ಪಡಸಾಲೆ ನನ್ನ ಕಣ್ಣಿಗೆ ಕಟ್ಟಿತ್ತು. ಕಾಣದ ಟೀವಿಗೆ ಮಾತು ಕೊಡುವುದು ಹೇಗೆ ಎಂದು ನನಗೆ ಯಾರೂ ಕಲಿಸಿರಲಿಲ್ಲ. ಆದರೆ ಹೀರೋ ಯಾವಾಗ ಉಸಿರು ಎಳೆಯುತ್ತಾನೆ, ಎಲ್ಲಿ ದನಿ ತಗ್ಗಿಸುತ್ತಾನೆ, ಎಲ್ಲ ನನಗೆ ಬಾಯಿಪಾಠವಾಗಿತ್ತು. ನಾನು ಬೆನ್ನು ನೆಟ್ಟಗೆ ಮಾಡಿ, ಅಸೆಂಬ್ಲಿ ಹಾಲಿನಲ್ಲಿ ನಿಂತ ಹಾಗೆ ನಿಂತು, ಒಂದೊಂದೇ ಅಕ್ಷರ ಬಿಡಿಸಿ ಹೇಳಿದೆ:

“ನಿಲ್ಲರಿ ಸಾಹೇಬ್ರ. ಇಷ್ಟ ದಿನ ನನ್ನ ಅರಿವಿ ಹಾಕ್ಕೊಂಡ ಒಬ್ಬಾಂವ ಈ ಊರಾಗ ಅಡ್ಡಾಡಿ, ಎಲ್ಲಾರಿಗೂ ಬೈದು ಹೋದ. ಅಂವ ನಾ ಅಲ್ಲ. ನಾ ಸ್ವಲ್ಪ ಹೊರಗಡೆ ಹೋಗಿದ್ದೆ.”

ಅತ್ತೆಯವರು ಅದನ್ನು ಮಕ್ಕಳಿಗೆ ದಾಟಿಸಿದರು. ಕೊನೆಯ ಮಾತನ್ನು ಇನ್ನೂ ಗಟ್ಟಿಯಾಗಿ ಹೇಳಿದರು, “ಸ್ವಲ್ಪ ಹೊರಗಡೆ ಹೋಗಿದ್ದೆ ಅಂತ!”

“ನಾಳಿ ಮುಂಜಾನೆ ಮೊದಲನೇ ಬಸ್ಸಿಗೆ...” ಎಂದು ನಾನು ಶುರು ಮಾಡಿದ್ದೆ.

“ಆಯಿ, ಅಂವನ ಬಾಯಿ ನಿಂತೇತಿ!” ಎಂದು ಮೊಮ್ಮಗಳು ಚೀರಿದಳು. “ಮಾಮಾ ಹಾರಿ ಹೊಂಟ! ಬಾಯಿ ಮುಚ್ಯಾನ!”

“ಅಂವ ಮುಚ್ಚಿದ್ರ ಮುಚ್ಚಲಿ,” ಎಂದೆ. “ನಂದಿನ್ನೂ ಮುಗದಿಲ್ಲ.”

“ಹೇಳವಾ,” ಎಂದರು ಅತ್ತೆಯವರು. “ನೀ ಹೇಳ.”